ಲಿಂಕನ್ ತಾಯಿಯ ತವರು ಯಾವುದು?

ನಿಮ್ಮ ಅಜ್ಜಿಯ ಅಮ್ಮನ ಹೆಸರು ಗೊತ್ತೇ? ಆ ಅಮ್ಮನ ಅಪ್ಪ ಯಾರು, ಊರು ಯಾವುದು ಗೊತ್ತೇ?

ಮೊನ್ನೆ ನಾವು ನಮ್ಮ ಬಳಗದಲ್ಲೇ ಒಬ್ಬರಿಗೊಬ್ಬರು ಈ ಪ್ರಶ್ನೆ ಕೇಳಿಕೊಂಡೆವು. ಅಜ್ಜನ ಕಡೆಯದನ್ನು ಎಲ್ಲರೂ ಪಟಪಟ ಹೇಳಿದರು. ಕೆಲವರು ನಾಲ್ಕು ತಲೆಮಾರು ಹೇಳಿದರೆ, ಕೆಲವರು ಐದು ಹೇಳಿದರು. ಅಜ್ಜಿ ಕಡೆಗೆ ಬಂದಾಗ ಎಲ್ಲರೂ ತಡವರಿಸಿದರು. ಒಬ್ಬರು ಅಲ್ಲಿಂದಲೇ ಊರಿಗೆ ಫೋನ್ ಹಚ್ಚಿ ಅಮ್ಮನನ್ನು ಕೇಳಿದರು. “ಹೆಸರು ಯಾರಿಗೆ ಗೊತ್ತಪ್ಪಾ, ಎಲ್ರೂ ಹೊಸಳ್ಳಿಯಮ್ಮ ಅಂತಿದ್ರು” ಎಂದು ಉತ್ತರ ಬಂತು. ಯಾವ ಹೊಸಹಳ್ಳಿ? ನಮ್ಮ ಕಡೆ ಹೊಸಹಳ್ಳಿಗಳಿಗೆ ಬರವೇ!

ಹೆಣ್ಣುಮಗಳೊಬ್ಬಳು ಗಂಡನ ಮನೆಗೆ ಬಂದಳು, ಹೆತ್ತಳು, ದುಡಿದಳು, ಸತ್ತಳು. ಅವಳ ಹೆಸರು ಹೋಯಿತು, ಊರಿನ ಹೆಸರು ಮಾತ್ರ ಉಳಿಯಿತು. ಹೀಗೆ ಆಗಿದ್ದು ನಮ್ಮಲ್ಲಿ ಮಾತ್ರ ಅಲ್ಲ. ಪ್ರಪಂಚಕ್ಕೆಲ್ಲ ಗೊತ್ತಿರುವ ಒಬ್ಬ ಮನುಷ್ಯನ ತಾಯಿಯ ವಿಷಯದಲ್ಲೂ ಹೀಗೇ ಆಗಿದೆ. ಅವಳ ತಂದೆ ತಾಯಿ ಯಾರು ಎಂದು ಪತ್ತೆ ಮಾಡಲು ವಿದ್ವಾಂಸರು ನೂರೈವತ್ತು ವರ್ಷದಷ್ಟು ಕಾಲ ಕಾಗದಪತ್ರ ಜಾಲಾಡಿದ್ದಾರೆ. ಆ ಕಥೆಯನ್ನೇ ಇವತ್ತು ಹೇಳುತ್ತೇವೆ.

ನ್ಯಾನ್ಸಿ ಎಂಬ ಹೆಣ್ಣುಮಗಳು

ಅಮೆರಿಕದ 16ನೇ ಅಧ್ಯಕ್ಷ ಅಬ್ರಹಾಂ ಲಿಂಕನ್ ಹುಟ್ಟಿದ್ದು 1809ರ ಫೆಬ್ರುವರಿ 12ರಂದು, ಕೆಂಟಕಿ ರಾಜ್ಯದ ಒಂದು ಮರದ ದಿಮ್ಮಿಯ ಗುಡಿಸಲಿನಲ್ಲಿ. ತಂದೆ ಥಾಮಸ್ ಲಿಂಕನ್, ಬಡಗಿ ಕೆಲಸ ಬಲ್ಲ ರೈತ. ತಾಯಿ ನ್ಯಾನ್ಸಿ ಹ್ಯಾಂಕ್ಸ್. ಅವಳು 1784ರ ಸುಮಾರಿಗೆ ವರ್ಜೀನಿಯಾದಲ್ಲಿ ಹುಟ್ಟಿದವಳು.

ಆಗಿನ ಕಾಲ ಹೇಗಿತ್ತು ಎಂದು ಸ್ವಲ್ಪ ತಿಳಿದುಕೊಳ್ಳಬೇಕು. ವರ್ಜೀನಿಯಾ ಕಡೆಯ ಜನ ಬೆಟ್ಟಸಾಲು ದಾಟಿ, ಕಂಬರ್‌ಲ್ಯಾಂಡ್ ಕಣಿವೆಯ ದಾರಿ ಹಿಡಿದು ಪಶ್ಚಿಮಕ್ಕೆ ಬರುತ್ತಿದ್ದರು. ಕಾಡು ಕಡಿದು ಜೋಳ ಬಿತ್ತುತ್ತಿದ್ದರು, ಹಸು ಹಂದಿ ಸಾಕುತ್ತಿದ್ದರು. ಅದು ಯಾರೂ ಇಲ್ಲದ ಕಾಡೇನೂ ಆಗಿರಲಿಲ್ಲ. ಶಾನಿ, ಚೆರೋಕಿ ಮುಂತಾದ ಮೂಲನಿವಾಸಿಗಳ ಬೇಟೆಯ ನೆಲ ಅದು. ಹಾಗಾಗಿ ಕಾದಾಟವೂ ನಡೆಯುತ್ತಿತ್ತು. ಲಿಂಕನ್ನರ ಅಜ್ಜ 1786ರಲ್ಲಿ ಹೊಲದಲ್ಲಿ ಕೆಲಸ ಮಾಡುವಾಗಲೇ ಇಂಥ ದಾಳಿಯಲ್ಲಿ ಸತ್ತರು.

ಹೀಗೆ ಹೊಸ ನೆಲಕ್ಕೆ ಬಂದ ಗಂಡಸರ ಹೆಸರು ಭೂಮಿ ಪತ್ರದಲ್ಲಿ, ತೆರಿಗೆ ಪಟ್ಟಿಯಲ್ಲಿ ಸೇರುತ್ತಿತ್ತು. ಹೆಂಗಸರ ಹೆಸರು ಎಲ್ಲಿ ಸೇರಬೇಕು? ಮದುವೆಯಾದ ಹೆಣ್ಣಿಗೆ ಕಾನೂನಿನ ಕಣ್ಣಲ್ಲಿ ಪ್ರತ್ಯೇಕ ಅಸ್ತಿತ್ವವೇ ಇರಲಿಲ್ಲ. ಅವಳ ಆಸ್ತಿ, ಕೂಲಿ ಎಲ್ಲ ಗಂಡನದು.

ಅಮೆರಿಕದ ಮೊದಲ ಜನಗಣತಿ ನಡೆದದ್ದು 1790ರಲ್ಲಿ. ಆದರೆ 1840ರವರೆಗಿನ ಗಣತಿಗಳಲ್ಲಿ ಮನೆ ಯಜಮಾನನ ಹೆಸರು ಮಾತ್ರ ಬರೆಯುತ್ತಿದ್ದರು. ಉಳಿದವರೆಲ್ಲ ಬರೀ ಅಂಕಿ. ಇಷ್ಟು ಗಂಡು, ಇಷ್ಟು ಹೆಣ್ಣು ಎಂದು ಎಣಿಸಿ ಮುಗಿಸುತ್ತಿದ್ದರು. ಮನೆಯ ಪ್ರತಿಯೊಬ್ಬರ ಹೆಸರು ಬರೆಯಲು ಶುರು ಮಾಡಿದ್ದು 1850ರಲ್ಲಿ. ಅದು ಸಾಲದೆಂಬಂತೆ ಕೆಂಟಕಿಯ 1790 ಮತ್ತು 1800ರ ಗಣತಿ ಪುಸ್ತಕಗಳೇ ಕಳೆದುಹೋಗಿವೆ. ನ್ಯಾನ್ಸಿ ಸತ್ತಿದ್ದು 1818ರಲ್ಲಿ. ಅಂದರೆ ಬದುಕಿದ್ದಾಗ ಒಂದೇ ಒಂದು ಗಣತಿಯಲ್ಲೂ ಅವಳ ಹೆಸರು ಬಂದಿಲ್ಲ.

ಹಸುವಿನ ಹಾಲು ವಿಷವಾದಾಗ

ಅವಳ ಸಾವಿನ ಬಗ್ಗೆ ಮೊದಲು ಹೇಳಿಬಿಡುತ್ತೇವೆ. ದನ ಸಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ.

1816ರ ಕೊನೆಗೆ ಲಿಂಕನ್ ಕುಟುಂಬ ಇಂಡಿಯಾನಾ ರಾಜ್ಯದ ಲಿಟ್ಲ್ ಪಿಜನ್ ಕ್ರೀಕ್ ಎಂಬಲ್ಲಿಗೆ ಹೋಗಿ ನೆಲೆಸಿತು. ನ್ಯಾನ್ಸಿಯನ್ನು ಸಾಕಿದ್ದ ಚಿಕ್ಕಮ್ಮ ಎಲಿಜಬೆತ್ ಮತ್ತು ಅವರ ಗಂಡ ಥಾಮಸ್ ಸ್ಪ್ಯಾರೋ ಕೂಡ ಮುಂದಿನ ವರ್ಷ ಅಲ್ಲಿಗೇ ಬಂದರು. 1818ರಲ್ಲಿ ಆ ಊರಿಗೆ ಒಂದು ಕಾಯಿಲೆ ಬಡಿಯಿತು. ಹಸುಗಳು ನಡುಗುತ್ತಾ ಬೀಳುತ್ತಿದ್ದವು. ಹಾಲು ಕುಡಿದ ಜನರಿಗೆ ವಾಂತಿ, ಸುಸ್ತು, ಕೆಲವೇ ದಿನದಲ್ಲಿ ಸಾವು. ಮೊದಲು ಸ್ಪ್ಯಾರೋ ದಂಪತಿ ಹೋದರು. ಅಕ್ಟೋಬರ್ 5ರಂದು ನ್ಯಾನ್ಸಿಯೂ ಹೋದಳು. ಅಬ್ರಹಾಂಗೆ ಆಗ 9 ವರ್ಷ, ಅಕ್ಕ ಸಾರಾಗೆ 11.

ಕಾರಣ ಒಂದು ಗಿಡ. ಬಿಳಿ ಹೂ ಬಿಡುವ ಆ ಕಾಡುಗಿಡವನ್ನು ಇಂಗ್ಲಿಷಿನಲ್ಲಿ ವೈಟ್ ಸ್ನೇಕ್‌ರೂಟ್ ಎನ್ನುತ್ತಾರೆ. ಬಯಲಲ್ಲಿ ಹುಲ್ಲು ಒಣಗಿದಾಗ ದನಗಳು ಕಾಡಂಚಿಗೆ ನುಗ್ಗಿ ಅದನ್ನು ಮೇಯುತ್ತಿದ್ದವು. ವಿಷ ಹಾಲಿಗೆ ಇಳಿಯುತ್ತಿತ್ತು. ಆ ವಿಷದ ಅಂಶ ಯಾವುದು ಎಂದು ಅಲ್ಲಿನ ಕೃಷಿ ಇಲಾಖೆಯ ವಿಜ್ಞಾನಿಗಳು ಗುರುತಿಸಿದ್ದು 1920ರ ದಶಕದಲ್ಲಿ.

ಗುಡ್ಡದ ಮೇಲೆ ಮಣ್ಣು ಮಾಡಿದ ಆ ಗೋರಿಗೆ ಎಷ್ಟೋ ವರ್ಷ ಹೆಸರು ಕೆತ್ತಿದ ಕಲ್ಲೇ ಇರಲಿಲ್ಲ. ಈಗಿರುವ ಕಲ್ಲನ್ನು 1879ರಲ್ಲಿ ಗಾಡಿ ತಯಾರಿಸುವ ಸ್ಟುಡೆಬೇಕರ್ ಮನೆತನದ ಒಬ್ಬರು ನೆಡಿಸಿದರು. ಅದರ ಮೇಲೆ ವಯಸ್ಸು 35 ಎಂದು ಕೆತ್ತಿದೆ. ಹುಟ್ಟಿದ್ದು 1784ರ ಫೆಬ್ರುವರಿ ಎಂದು ಹಿಡಿದರೆ ಅವಳಿಗೆ ಆಗಿದ್ದದ್ದು 34. ಸತ್ತು 61 ವರ್ಷದ ಮೇಲೆ ಬರೆದ ಕಲ್ಲು ಹಾಗೇ ಇರುತ್ತದೆ. ಕಲ್ಲಿನ ಮೇಲಿದೆ ಎಂದ ಮಾತ್ರಕ್ಕೆ ಅದು ಕಣ್ಣಾರೆ ಕಂಡವರ ಮಾತಲ್ಲ.

ತಪ್ಪು ಕಚೇರಿಯಲ್ಲಿ ಹುಡುಕಿದರು

ಲಿಂಕನ್ ದೊಡ್ಡ ಮನುಷ್ಯನಾದ ಮೇಲೆ ವಿರೋಧಿಗಳು ಅವರ ಹುಟ್ಟನ್ನು ಕೆದಕಿದರು. ನ್ಯಾನ್ಸಿ ಮತ್ತು ಥಾಮಸ್ ಮದುವೆಯೇ ಆಗಿರಲಿಲ್ಲ ಎಂಬ ಪುಕಾರು ಎದ್ದಿತು. ಸ್ನೇಹಿತರು ದಾಖಲೆ ಹುಡುಕಲು ಕೆಂಟಕಿಯ ಹಾರ್ಡಿನ್ ಕೌಂಟಿಗೆ ಹೋದರು. ಕೌಂಟಿ ಎಂದರೆ ನಮ್ಮ ತಾಲ್ಲೂಕು, ಜಿಲ್ಲೆಯ ಹಾಗೆ. ಥಾಮಸ್ ಇದ್ದದ್ದು ಅಲ್ಲಿ. ಅಲ್ಲಿ ಸಿಕ್ಕಿದ್ದು 1819ರಲ್ಲಿ ನಡೆದ ಅವರ ಎರಡನೇ ಮದುವೆಯ ಕಾಗದ ಮಾತ್ರ. ಮೊದಲನೆಯದು ಇಲ್ಲ. “ನೋಡಿ, ನಾವು ಹೇಳಲಿಲ್ಲವೇ?” ಎಂದರು ಆಡಿಕೊಳ್ಳುವವರು.

1878ರಲ್ಲಿ ಪಕ್ಕದ ವಾಷಿಂಗ್ಟನ್ ಕೌಂಟಿಯ ಕಚೇರಿಯ ಹಳೇ ಕಟ್ಟುಗಳಲ್ಲಿ ಆ ಕಾಗದ ಸಿಕ್ಕಿತು. ಮದುವೆ ನಡೆದದ್ದು 1806ರ ಜೂನ್ 12ರಂದು, ಮಾಡಿಸಿದವರು ಜೆಸ್ಸಿ ಹೆಡ್ ಎಂಬ ಪಾದ್ರಿ. ಹೆಣ್ಣಿನ ಕಡೆಯವರ ಊರಲ್ಲಿ ಮದುವೆ ನಡೆದಿತ್ತು, ಎಲ್ಲರೂ ಗಂಡಿನ ಊರಲ್ಲಿ ಹುಡುಕುತ್ತಿದ್ದರು. ಅಷ್ಟೇ ವಿಷಯ. ಅಷ್ಟಕ್ಕೆ ಸತ್ತ ಹೆಣ್ಣುಮಗಳೊಬ್ಬಳ ಮಾನದ ಮೇಲೆ ವರ್ಷಾನುಗಟ್ಟಲೆ ಕಲ್ಲು ತೂರಿದ್ದರು.

ಆ ಮದುವೆಗೆ ಎರಡು ದಿನ ಮುಂಚೆ ಒಂದು ಮುಚ್ಚಳಿಕೆ ಬರೆದುಕೊಟ್ಟಿದ್ದರು. ಈ ಮದುವೆಗೆ ಕಾನೂನಿನ ಅಡ್ಡಿ ಇಲ್ಲ, ಇದ್ದರೆ 50 ಪೌಂಡ್ ದಂಡ ಕಟ್ಟುತ್ತೇವೆ ಎಂದು ಮದುಮಗ ಮತ್ತು ಇನ್ನೊಬ್ಬರು ಜಾಮೀನು ನಿಲ್ಲುವುದು ಅಲ್ಲಿನ ಪದ್ಧತಿ. ಥಾಮಸ್ ಜೊತೆ ಜಾಮೀನು ನಿಂತವರು ರಿಚರ್ಡ್ ಬೆರಿ. ಅವರ ಹೆಸರಿನ ಪಕ್ಕ ‘ಪೋಷಕ’ ಎಂದು ಬರೆದಿದೆ. ಅಪ್ಪ ಯಾಕೆ ಬರಲಿಲ್ಲ? 22ರ ಹುಡುಗಿಗೆ ಕಾನೂನಿನ ಪ್ರಕಾರ ಪೋಷಕ ಬೇಕಿರಲಿಲ್ಲ. ಹಾಗಾದರೆ ಈ ಬೆರಿ ಯಾರು? ಒಂದು ಕಾಗದ ಒಂದು ಅನುಮಾನ ಕಳೆಯಿತು, ಇನ್ನೊಂದನ್ನು ಹುಟ್ಟಿಸಿತು.

ಪೀಡಿ ಎಂಬ ಪಡ್ಡೆ ಕರು

ಲಿಂಕನ್ನರೇ ಏನಾದರೂ ಹೇಳಿದ್ದರೇ? 1859ರಲ್ಲಿ ಸ್ನೇಹಿತರೊಬ್ಬರು ಕೇಳಿದಾಗ ಬರೆದುಕೊಟ್ಟ ಚಿಕ್ಕ ಪರಿಚಯದಲ್ಲಿ ಅವರು ತಾಯಿಯ ಬಗ್ಗೆ ಹೇಳಿದ್ದು ಇಷ್ಟೇ: ತಂದೆ ತಾಯಿ ಇಬ್ಬರೂ ವರ್ಜೀನಿಯಾದಲ್ಲಿ ಹುಟ್ಟಿದವರು, ದೊಡ್ಡ ಮನೆತನದವರಲ್ಲ, ತಾಯಿ ಹ್ಯಾಂಕ್ಸ್ ಎಂಬ ಕುಟುಂಬದವರು. ತಾಯಿಯ ಅಪ್ಪನ ಹೆಸರು ಅದರಲ್ಲಿ ಇಲ್ಲ.

ಅವರು ಕೊಲೆಯಾಗಿ ಎಷ್ಟೋ ವರ್ಷದ ಮೇಲೆ, 1899ರಲ್ಲಿ ಕ್ಯಾರೊಲಿನ್ ಹ್ಯಾಂಕ್ಸ್ ಹಿಚ್‌ಕಾಕ್ ಎಂಬ ಲೇಖಕಿ ಒಂದು ಪುಸ್ತಕ ಬರೆದರು. ಅವರಿಗೆ ಕೆಂಟಕಿಯ ನೆಲ್ಸನ್ ಕೌಂಟಿಯಲ್ಲಿ ಜೋಸೆಫ್ ಹ್ಯಾಂಕ್ಸ್ ಎಂಬ ರೈತನ 1793ರ ಉಯಿಲು ಸಿಕ್ಕಿತ್ತು. ನಮ್ಮ ಹಳ್ಳಿಯ ಯಾವ ಯಜಮಾನನಾದರೂ ಬರೆಸಬಹುದಾದಂಥ ಉಯಿಲು ಅದು. ಗಂಡುಮಕ್ಕಳಿಗೆ ಕುದುರೆ, ಹೆಣ್ಣುಮಕ್ಕಳಿಗೆ ಪಡ್ಡೆ ಕರು. ನ್ಯಾನ್ಸಿ ಎಂಬ ಮಗಳಿಗೆ ‘ಪೀಡಿ’ ಎಂಬ ಹೆಸರಿನ ಕರು. ಸಿಕ್ಕಿತಲ್ಲ! ಲಿಂಕನ್ನರ ತಾಯಿ ಗೌರವಸ್ಥ ಜೋಸೆಫನ ಮಗಳು ಎಂದು ಲೇಖಕಿ ತೀರ್ಮಾನಿಸಿದರು. ಓದಿದವರಿಗೂ ಸಮಾಧಾನವಾಯಿತು.

ಆದರೆ ಒಂದೇ ಮನೆತನದಲ್ಲಿ ಒಂದೇ ಹೆಸರಿನವರು ಇಬ್ಬರು ಇರಬಾರದೇ? ಅಜ್ಜಿಯ ಹೆಸರನ್ನೇ ಮೊಮ್ಮಗಳಿಗೆ, ಅತ್ತೆಯ ಹೆಸರನ್ನೇ ಸೊಸೆಗೆ ಇಡುವುದು ನಮಗೇನು ಹೊಸದೇ? ಉಯಿಲಿನ ನ್ಯಾನ್ಸಿ ಬೇರೆ. ಅವಳಿಗೆ ಮದುವೆಗೆ ಮುಂಚೆ ಡೆನ್ನಿಸ್ ಹ್ಯಾಂಕ್ಸ್ ಎಂಬ ಮಗ ಹುಟ್ಟಿದ್ದ, ಆಮೇಲೆ ಲೀವೈ ಹಾಲ್ ಎಂಬವನನ್ನು ಮದುವೆಯಾದಳು. ಈ ಡೆನ್ನಿಸನೇ ಲಿಂಕನ್ ಜೊತೆ ಒಂದೇ ಗುಡಿಸಲಿನಲ್ಲಿ ಬೆಳೆದವನು. ಅಂದರೆ ಕರು ಪಡೆದ ನ್ಯಾನ್ಸಿ ಲಿಂಕನ್ನರ ತಾಯಿಯಲ್ಲ, ತಾಯಿಯ ಚಿಕ್ಕಮ್ಮ.

ಸುದ್ದಿ ಬರೆಯುವ ನಮಗೆ ಇದು ಚೆನ್ನಾಗಿ ಗೊತ್ತಿರಬೇಕು. ಹೆಸರು ಹೊಂದಿದ ಕೂಡಲೇ ಮನುಷ್ಯ ಅವನೇ ಎಂದು ಬರೆದುಬಿಟ್ಟರೆ ಮರುದಿನ ತಿದ್ದುಪಡಿ ಹಾಕಬೇಕಾಗುತ್ತದೆ.

ಕುದುರೆ ಗಾಡಿಯಲ್ಲಿ ಆಡಿದ ಮಾತು

ವಿಲಿಯಂ ಹರ್ನ್‌ಡನ್ ಎಂಬ ವಕೀಲರು ಲಿಂಕನ್ ಜೊತೆ 1844ರಿಂದ ಒಂದೇ ಕಚೇರಿಯಲ್ಲಿ ವಕೀಲಿಕೆ ಮಾಡಿದವರು. 1889ರಲ್ಲಿ ಅಚ್ಚಾದ ತಮ್ಮ ಪುಸ್ತಕದಲ್ಲಿ ಅವರು ಒಂದು ಸಂಗತಿ ಬರೆದರು. 1850ರ ಸುಮಾರಿಗೆ ಇಬ್ಬರೂ ಒಂದು ಕೇಸಿಗಾಗಿ ಕುದುರೆ ಗಾಡಿಯಲ್ಲಿ ಹೋಗುತ್ತಿದ್ದಾಗ ಲಿಂಕನ್ ತಾವಾಗಿಯೇ ಬಾಯಿ ಬಿಟ್ಟರಂತೆ. ತಮ್ಮ ತಾಯಿ ಲೂಸಿ ಹ್ಯಾಂಕ್ಸ್ ಎಂಬವಳ ಮಗಳು, ಮದುವೆಯಾಗದೆ ಹುಟ್ಟಿದವಳು, ತಂದೆ ವರ್ಜೀನಿಯಾದ ಒಬ್ಬ ಸ್ಥಿತಿವಂತ ಜಮೀನುದಾರ ಎಂದು.

ಜನ ಸಿಟ್ಟಾದರು. ದೇಶಕ್ಕಾಗಿ ಪ್ರಾಣ ಕೊಟ್ಟವರ ತಾಯಿಯ ಬಗ್ಗೆ ಹೀಗೆ ಬರೆಯಬಹುದೇ ಎಂದರು. ಇಲ್ಲಿ ಎರಡೂ ಕಡೆ ನೋಡಬೇಕು. ಗಾಡಿಯಲ್ಲಿ ಇದ್ದವರು ಇಬ್ಬರೇ, ಅದರಲ್ಲಿ ಒಬ್ಬರು ಈಗ ಇಲ್ಲ. ಒಬ್ಬರ ಬಾಯಿಮಾತನ್ನು ಮಾತ್ರ ನಂಬಿ ಯಾವ ವರದಿಯೂ ನಿಲ್ಲುವುದಿಲ್ಲ. ಇನ್ನೊಂದು ಕಡೆ, ಇಂಥ ಮಾತನ್ನು ಮಗ ತನ್ನ ತಾಯಿಯ ಬಗ್ಗೆ ಸುಮ್ಮನೆ ಹೇಳುತ್ತಾನೆಯೇ?

1920ರ ದಶಕದಲ್ಲಿ ಇಬ್ಬರು ಸಂಶೋಧಕರು ಇದೇ ವಿಷಯಕ್ಕೆ ಎದುರುಬದುರಾದರು. ಇಬ್ಬರೂ ಕೆಂಟಕಿಯ ಕಚೇರಿಗಳಲ್ಲಿ ಧೂಳು ಕುಡಿದವರೇ.

ಲೂಯಿಸ್ ವಾರನ್ ಅವರ ವಾದ ಹೀಗಿತ್ತು: ಲೂಸಿ ಹುಟ್ಟಿನಿಂದ ಹ್ಯಾಂಕ್ಸ್ ಅಲ್ಲ, ಶಿಪ್ಲಿ ಮನೆತನದವಳು. ಜೇಮ್ಸ್ ಹ್ಯಾಂಕ್ಸ್ ಎಂಬವನನ್ನು ಮದುವೆಯಾಗಿ ಹ್ಯಾಂಕ್ಸ್ ಆದಳು, ನ್ಯಾನ್ಸಿ ಅವರ ಮಗಳು, ಗಂಡ ಸತ್ತು ಲೂಸಿ ವಿಧವೆಯಾದಳು. ಬೆರಿ ಮನೆತನಕ್ಕೆ ಶಿಪ್ಲಿ ಕುಟುಂಬದ ಹೆಣ್ಣು ಸೊಸೆಯಾಗಿ ಬಂದಿದ್ದಳು, ಆದ್ದರಿಂದಲೇ ಬೆರಿ ಪೋಷಕರಾಗಿ ನಿಂತರು. ಕೇಳಲು ಚೆನ್ನಾಗಿದೆ. ಎಲ್ಲ ಎಳೆಗಳೂ ಹೊಂದುತ್ತವೆ, ಯಾರ ಮಾನಕ್ಕೂ ಕುಂದಿಲ್ಲ.

ವಿಲಿಯಂ ಬಾರ್ಟನ್ ಒಪ್ಪಲಿಲ್ಲ. ಅವರ ಪ್ರಕಾರ ಲೂಸಿ ಆ ಉಯಿಲು ಬರೆದ ಜೋಸೆಫನ ಮಗಳೇ. ಉಯಿಲಿನಲ್ಲಿ ಅವಳ ಹೆಸರಿಲ್ಲ, ಅವಳ ಪಾಲಿಗೆ ಕರುವೂ ಇಲ್ಲ. ಮರ್ಸರ್ ಕೌಂಟಿಯ ದಾಖಲೆಯಲ್ಲಿ 1789ರ ನವೆಂಬರ್‌ನಲ್ಲಿ ಲೂಸಿ ಹ್ಯಾಂಕ್ಸ್ ಎಂಬ ಹೆಣ್ಣಿನ ಮೇಲೆ ಮದುವೆ ಇಲ್ಲದ ಸಂಬಂಧದ ಆರೋಪ ಹೊರಿಸಿದ್ದಾರೆ. ಇದು ನ್ಯಾನ್ಸಿ ಹುಟ್ಟಿ ಐದು ವರ್ಷದ ನಂತರದ ಮಾತು, ಹಾಗಾಗಿ ನ್ಯಾನ್ಸಿಯ ಹುಟ್ಟಿಗೆ ಇದೇ ಸಾಕ್ಷಿ ಎನ್ನುವಂತಿಲ್ಲ. ಆದರೆ ಲೂಸಿ ಊರಿನವರ ಕಣ್ಣಲ್ಲಿ ಯಾವ ಸ್ಥಿತಿಯಲ್ಲಿ ಇದ್ದಳು ಎಂಬುದು ತಿಳಿಯುತ್ತದೆ.

ಇಷ್ಟಾದ ಮೇಲೆ 1790ರ ಏಪ್ರಿಲ್‌ನಲ್ಲಿ ಹೆನ್ರಿ ಸ್ಪ್ಯಾರೋ ಎಂಬ ಯುವಕ ಅವಳನ್ನು ಮದುವೆಯಾಗಲು ಮುಂದೆ ಬಂದ. ಅದಕ್ಕೆ ಒಪ್ಪಿಗೆ ಕೊಟ್ಟು ಲೂಸಿ ತಾನೇ ಚೀಟಿ ಬರೆದು ಸಹಿ ಹಾಕಿದ್ದಾಳೆ. ಅಪ್ಪನಾಗಲೀ ಅಣ್ಣನಾಗಲೀ ಅವಳ ಪರವಾಗಿ ಬರೆದುಕೊಟ್ಟಿಲ್ಲ. ಅಕ್ಷರ ಬಲ್ಲ ಹೆಣ್ಣು ಆ ಕಾಡುಸೀಮೆಯಲ್ಲಿ ಅಪರೂಪ. ಮುಂದಿನ ವರ್ಷ ಮದುವೆಯಾಯಿತು. ಮದುವೆಯಾಗಿ, ಮಕ್ಕಳು ಮಾಡಿಕೊಂಡು, ನೆಟ್ಟಗೆ ಸಂಸಾರ ಮಾಡಿದಳು. ನ್ಯಾನ್ಸಿ ಮಾತ್ರ ಚಿಕ್ಕಮ್ಮನ ಮನೆಯಲ್ಲಿ ಬೆಳೆದಳು. ಅವಳು ಹ್ಯಾಂಕ್ಸ್ ಅಲ್ಲ, ಸ್ಪ್ಯಾರೋ ಎಂದೇ ಡೆನ್ನಿಸ್ ಮುದಿವಯಸ್ಸಿನಲ್ಲೂ ಹಟ ಹಿಡಿದು ಹೇಳುತ್ತಿದ್ದ. ಯಾಕೆ ಹೇಳುತ್ತಿದ್ದ ಎಂದು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ.

ತಾಯಿಯಿಂದ ಮಗಳಿಗೆ ಇಳಿಯುವ ಗುರುತು

ಕಾಗದದ ಜಗಳ ಕಾಗದದಲ್ಲಿ ಮುಗಿಯಲಿಲ್ಲ. ಮುಗಿಸಲು ವಿಜ್ಞಾನ ಬರಬೇಕಾಯಿತು.

ನಮ್ಮ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯಾ ಎಂಬ ಸಣ್ಣ ಭಾಗ ಇದೆ. ಅದರ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ತಾಯಿ ಅದನ್ನು ಗಂಡು, ಹೆಣ್ಣು ಎಲ್ಲ ಮಕ್ಕಳಿಗೂ ಕೊಡುತ್ತಾಳೆ. ಆದರೆ ಮುಂದಕ್ಕೆ ದಾಟಿಸುವವಳು ಮಗಳು ಮಾತ್ರ. ಗಂಡುಮಗನಲ್ಲಿ ಅದು ನಿಂತುಹೋಗುತ್ತದೆ. ಅಂದರೆ ಅಮ್ಮ, ಅಜ್ಜಿ, ಮುತ್ತಜ್ಜಿ ಎಂದು ಹಿಂದಕ್ಕೆ ಹೋಗುವ ಒಂದು ಸಾಲು ನಮ್ಮೆಲ್ಲರ ಮೈಯಲ್ಲಿ ಬರೆದಿಟ್ಟ ಹಾಗೆ ಇದೆ. ಯಾವ ಕಚೇರಿಯೂ ಅದನ್ನು ಕಳೆದುಹಾಕಲಾರದು.

ನ್ಯಾನ್ಸಿಯ ಸಾಲು ಮಾತ್ರ ನಿಂತುಹೋಗಿತ್ತು. ಮಗಳು ಸಾರಾ 1828ರಲ್ಲಿ ಹೆರಿಗೆಯಲ್ಲೇ ಸತ್ತಳು, ಕೂಸೂ ಉಳಿಯಲಿಲ್ಲ. ಹಾಗಾಗಿ ಸಂಶೋಧಕರು ಬಳಸುದಾರಿ ಹಿಡಿದರು. ಹ್ಯಾಂಕ್ಸ್ ಕುಟುಂಬದ ಹೆಣ್ಣುಮಕ್ಕಳಿಂದ ತಾಯಿ-ಮಗಳು, ತಾಯಿ-ಮಗಳು ಎಂದು ಕಡಿಯದೆ ಬಂದ ಈಗಿನ ಸಂತತಿಯನ್ನು ಹುಡುಕಿದರು. ಶಿಪ್ಲಿ ಹೆಣ್ಣುಮಕ್ಕಳ ಸಂತತಿಯನ್ನೂ ಹುಡುಕಿ ಹೋಲಿಸಿದರು. 2015ರಲ್ಲಿ ಫಲಿತಾಂಶ ಹೊರಬಂತು. ಹ್ಯಾಂಕ್ಸ್ ಹೆಣ್ಣುಮಕ್ಕಳ ಸಾಲಿನಲ್ಲಿ ಸಿಕ್ಕಿದ್ದು ಎಕ್ಸ್1ಸಿ ಎಂಬ ಬಹಳ ಅಪರೂಪದ ಗುರುತು. ಶಿಪ್ಲಿಗಳ ಸಾಲಿಗೆ ಅದು ಹೊಂದಲಿಲ್ಲ. ಲೂಸಿಯು ಜೋಸೆಫ್ ಹ್ಯಾಂಕ್ಸ್ ಮತ್ತು ಆನ್ ಲೀ ಎಂಬ ದಂಪತಿಯ ಮಗಳು ಎಂಬ ಮಾತಿಗೆ ಬಲ ಬಂತು. ವಾರನ್ ಅವರ ವಿಧವೆಯ ಕಥೆ ಬಿದ್ದುಹೋಯಿತು.

ನ್ಯಾನ್ಸಿಗೆ ಹೀಗೆ ತಾಯಿ ಸಿಕ್ಕಳು, ತಾಯಿಯ ತಾಯಿಯೂ ಸಿಕ್ಕಳು. ತಂದೆ ಇವತ್ತಿಗೂ ಸಿಕ್ಕಿಲ್ಲ. ತಾಯಿಯಿಂದ ಬರುವ ಗುರುತಿನಲ್ಲಿ ತಂದೆಯ ಹೆಸರು ಇರುವುದಿಲ್ಲ.

ನಮಗೇಕೆ ಇದೆಲ್ಲ?

ಒಂದು ವಿಷಯ ಗಮನಿಸಿ. ಇಷ್ಟು ವರ್ಷ ಹುಡುಕಿದವರಲ್ಲಿ ಅನೇಕರು ನ್ಯಾನ್ಸಿಯನ್ನು ಹುಡುಕಲಿಲ್ಲ. ಅಧ್ಯಕ್ಷನಿಗೆ ಒಪ್ಪುವಂಥ ಅಜ್ಜನೊಬ್ಬನನ್ನು ಹುಡುಕಿದರು. ಬೇಕಾದ ಉತ್ತರ ಮೊದಲೇ ಇಟ್ಟುಕೊಂಡು ಹೋದವರಿಗೆ ಕರು ಪಡೆದ ನ್ಯಾನ್ಸಿ ಕಂಡಳು, ವಿಧವೆ ಲೂಸಿ ಕಂಡಳು. ಚೀಟಿ ಬರೆದು ತನ್ನ ಮದುವೆಯನ್ನು ತಾನೇ ಮಾಡಿಕೊಂಡ ಲೂಸಿ ಮಾತ್ರ ಬಹಳ ಕಾಲ ಕಾಣಲಿಲ್ಲ. ಅವಳನ್ನು ಒಪ್ಪಿಕೊಂಡರೆ ಲಿಂಕನ್ ಎಲ್ಲಿ ಸಣ್ಣವರಾಗುತ್ತಾರೋ ಎಂಬ ಭಯ. ಆದರೇನು, ಅವರೇನೂ ಸಣ್ಣವರಾಗಲಿಲ್ಲವಲ್ಲ.

ನಮ್ಮಲ್ಲಿ ಇದು ಹಳೇ ಕಥೆಯೂ ಅಲ್ಲ, ಬರೀ ಮಾನದ ಪ್ರಶ್ನೆಯೂ ಅಲ್ಲ. ಪೌತಿ ಖಾತೆಗೋ ಪಾಲಿಗೋ ವಂಶವೃಕ್ಷ ಬರೆಸುವಾಗ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಟ್ಟು ಬರೆಸುವ ಮನೆಗಳು ಇಂದಿಗೂ ಇವೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟ ಮಾಡಿದೆ. ಆದರೂ ಕಾಗದದಲ್ಲಿ ಹೆಸರೇ ಇಲ್ಲದವಳು ಮೊದಲು ತಾನು ಈ ಮನೆಯ ಮಗಳು ಎಂದೇ ಸಾಬೀತು ಮಾಡಬೇಕು. ಇವತ್ತು ಬಿಟ್ಟ ಒಂದು ಹೆಸರು ನಾಳೆ ಅವಳ ಮಕ್ಕಳಿಗೆ ಕೋರ್ಟಿನ ಅಲೆದಾಟವಾಗುತ್ತದೆ.

ಆದ್ದರಿಂದ ನಿಮ್ಮ ಕೈಯಲ್ಲಿರುವ ಫೋನನ್ನೇ ಉಪಯೋಗಿಸಿ. ಮನೆಯಲ್ಲಿ ಹಿರಿಯರು ಇದ್ದರೆ ಕೂರಿಸಿಕೊಂಡು ಅವರ ಮಾತು ರೆಕಾರ್ಡ್ ಮಾಡಿ. ಹೆಸರು ಮರೆತಿದ್ದರೆ ಬೇರೆ ದಾರಿಯಿಂದ ಕೇಳಿ. ಯಾವ ಊರಿನ ಜಾತ್ರೆಗೆ ಹೋಗುತ್ತಿದ್ದರು? ತವರಿನ ಮನೆದೇವರು ಯಾವುದು? ಹೆರಿಗೆಗೆ ಎಲ್ಲಿಗೆ ಹೋದರು? ಹಬ್ಬಕ್ಕೆ ಕರೆಯಲು ಯಾರು ಬರುತ್ತಿದ್ದರು? ಆಮೇಲೆ ಕಾಗದ ನೋಡಿ. ಹಳೇ ಲಗ್ನಪತ್ರಿಕೆ, ಕ್ರಯಪತ್ರ, ಶಾಲೆಯ ದಾಖಲಾತಿ ಪುಸ್ತಕ, ಮ್ಯುಟೇಷನ್ ರಿಜಿಸ್ಟರ್. ಗಂಡನ ಊರಲ್ಲಿ ಸಿಗದಿದ್ದರೆ ತವರಿನ ಊರಲ್ಲಿ ಹುಡುಕಿ. ಹೆಸರು ಹೊಂದಿದ ಕೂಡಲೇ ಇವಳೇ ಅವಳು ಎನ್ನಬೇಡಿ, ಇನ್ನೊಂದು ಗುರುತು ಸಿಗುವವರೆಗೆ ಕಾಯಿರಿ. ಸಿಕ್ಕ ಸಂಗತಿ ನಿಮಗೆ ಇಷ್ಟವಾಗದೇ ಇರಬಹುದು. ಆದರೂ ಹಾಗೇ ಬರೆದಿಡಿ.

ಹೊಸಳ್ಳಿಯಮ್ಮನ ವಿಷಯ ಏನಾಯಿತು ಎಂದು ಕೇಳುತ್ತೀರಿ. ಆ ಅಮ್ಮ ಎರಡು ದಿನ ಬಿಟ್ಟು ತಾವೇ ಫೋನ್ ಮಾಡಿದರು. “ಅವ್ರ ತವರಲ್ಲಿ ಕೆರೆ ಏರಿ ಮೇಲೆ ದೊಡ್ಡ ಹುಣಸೆಮರ ಇತ್ತಂತೆ ಕಣಪ್ಪಾ, ನಮ್ಮತ್ತೆ ಹೇಳ್ತಿದ್ರು” ಎಂದರು. ಕೆರೆ ಇರುವ ಹೊಸಹಳ್ಳಿ ಹತ್ತಿರದಲ್ಲಿ ಎರಡೇ ಇವೆ. ಈ ಭಾನುವಾರ ನಾವು ಮೊದಲನೆಯದಕ್ಕೆ ಹೊರಟಿದ್ದೇವೆ.